ಅರ್ಧ ಮುದ್ದೆಯ ತಕರಾರು

"ಇವತ್ತೂ ಅರ್ಧ ಮುದ್ದೇನೇ ಇಕ್ಕಿದ್ದೀಯಲ್ಲವ್ವ!" ತಟ್ಟೆಯ ಮುಂದೆ ಕೂತಿದ್ದ ಗಂಗಹನುಮಯ್ಯ ಗುಡುಗಿದ.

"ಇನ್ನರ್ಧ ತಟ್ಟೇಲೇ ಐತಲ್ಲ ಮಾವ," ಎಂದಳು ಸೊಸೆ ಮಂಜುಳಮ್ಮ.

"ಎಲ್ಲೈತೆ? ನನ್ ಕಣ್ಣೇನು ಹೊಂಟೋಗವಾ?"

ಕಣ್ಣು ಹೋಗಿರಲಿಲ್ಲ. ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ತಕ್ಕಡಿ ಹಿಡಿದವನು ಅವನು. ಚೀಲ ನೋಡಿದೊಡನೆ ಇಷ್ಟು ತೂಕ ಎಂದು ಹೇಳುತ್ತಿದ್ದ. ಎಂಬತ್ತೆರಡನೇ ಇಸವಿಯ ಯುಗಾದಿ ಕಳೆದ ವಾರದಲ್ಲಿ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ತುಮಕೂರಿನ ಆಸ್ಪತ್ರೆಯಿಂದ ಬರುವ ಹೊತ್ತಿಗೆ ಕೋಲೂರಿ ನಡೆಯುವಷ್ಟಾಗಿದ್ದ. ಮಾತಿಗಂತೂ ಏನೂ ಆಗಿರಲಿಲ್ಲ. ಮನೆಗೆ ಬಂದ ಮರುದಿನದಿಂದಲೇ ಈ ಜಗಳ ಶುರು. ದಿನವೂ ಮುದ್ದೆಯ ಬಲಭಾಗವನ್ನಷ್ಟೇ ಉಂಡು, ಎಡಭಾಗವನ್ನು ಚಾಕುವಿನಲ್ಲಿ ಕೊಯ್ದಂತೆ ಉಳಿಸಿ ಕೈ ತೊಳೆಯುತ್ತಿದ್ದ. ಮುದುಕ ಬೇಕೆಂತಲೇ ಹಟ ಮಾಡುತ್ತಾನೆಂದು ಸೊಸೆಗೂ ರೇಗಿ, ಉಳಿದದ್ದನ್ನು ಕಲಗಚ್ಚಿನ ಬಾನಿಗೆ ಹಾಕುತ್ತಿದ್ದಳು. ಮನೆಯಲ್ಲಿ ಖುಷಿಯಾಗಿದ್ದದ್ದು ಎಮ್ಮೆ ಒಂದೇ. ಮಂಜುಳಮ್ಮನ ಗಂಡ ಕುಣಿಗಲ್‌ನಲ್ಲಿ ಮೇಷ್ಟ್ರು, ಶನಿವಾರಕ್ಕೊಮ್ಮೆ ಬರುವವನು. ನಡುವೆ ನಿಂತು ನ್ಯಾಯ ಹೇಳುವವರು ಯಾರೂ ಇರಲಿಲ್ಲ.

ಕೊನೆಗೆ ಗಂಗಹನುಮಯ್ಯ ಸಿ.ಎಸ್. ಪುರದ ಬೀಗ ಕದರಯ್ಯನಿಗೆ ಸ್ವಂತ ಕೈಯಲ್ಲಿ ಕಾರ್ಡು ಬರೆದ: ನಿಮ್ಮ ಮಗಳು ನನ್ನನ್ನು ಉಪವಾಸ ಕೆಡವಿದ್ದಾಳೆ, ಬಂದು ಕರೆದುಕೊಂಡು ಹೋಗಿ. ಕಾರ್ಡು ಕೈಗೆ ಬಂದ ಮರುದಿನವೇ ಕದರಯ್ಯ ಮೊದಲ ಬಸ್ಸಿಗೆ ಬಂದಿಳಿದ. ಗಂಗಹನುಮಯ್ಯ ಮಂಚದ ಮೇಲೆ ಕೂತಿದ್ದ. ಕದರಯ್ಯ ಅವನ ಎಡಗಡೆಯಿದ್ದ ಬೆಂಚಿನ ಮೇಲೆ ಕೂತು, "ನಮಸ್ಕಾರ ಬೀಗ್ರೆ," ಎಂದ.

ಗಂಗಹನುಮಯ್ಯ ಬಲಕ್ಕೆ ತಿರುಗಿ ಬಾಗಿಲ ಕಡೆ ಕೈ ಎತ್ತಿದ. "ಬನ್ನಿ, ಬನ್ನಿ. ಯಾಕ್ ಅಲ್ಲೇ ನಿಂತ್ರಿ? ಒಳಕ್ ಬನ್ನಿ."

"ಒಳಗೇ ಕೂತಿದ್ದೀನಲ್ಲ ಸ್ವಾಮಿ!"

"ಮಗ್ಳು ಸಾಲ್ದು ಅಂತ ಅಪ್ಪನೂ ಆಟ ಆಡ್ಸಕ್ಕೆ ಬಂದವ್ನೆ," ಎಂದು ಗೊಣಗಿದ ಗಂಗಹನುಮಯ್ಯ, ಖಾಲಿ ಬಾಗಿಲಿಗೆ ಧ್ವನಿ ಏರಿಸಿದ. "ನಾಚ್ಕೋಬೇಡಿ, ಬನ್ನಿ! ನಿಮ್ಮನ್ನೇನ್ ನಾನು ಬಯ್ಯಲ್ಲ!"

ಕದರಯ್ಯ ಕಕ್ಕಾಬಿಕ್ಕಿಯಾಗಿ ಮಗಳ ಮುಖ ನೋಡಿದ. ಜೇಬಿನಿಂದ ಕಾರ್ಡು ತೆಗೆದು ಅವಳಿಗೆ ಕೊಟ್ಟು, "ಇದ್ ನೋಡವ್ವ. ಯಾಕಿಂಗ್ ಬರ್ದವ್ರೆ ಅಂತ ನಿನ್ನೆಯಿಂದ ಯೋಚ್ನೆ ಮಾಡ್ತಿದೀನಿ," ಎಂದು ಪಿಸುಗುಟ್ಟಿದ. ಕಾರ್ಡಿನ ಎಡ ಅರ್ಧ ಪೂರ್ತಿ ಖಾಲಿ. ಅಕ್ಷರಗಳೆಲ್ಲ ಬಲಗಡೆಯ ಅಂಚಿಗೆ ನುಗ್ಗಿ, ಸಂತೆ ದಿನದ ಬಸ್ಸಿನ ಬಾಗಿಲಲ್ಲಿ ಜನ ನೇತಾಡುವಂತೆ ನೇತಾಡುತ್ತಿದ್ದವು.

ಮಂಜುಳಮ್ಮ ಕಾರ್ಡು ನೋಡಿದಳು, ಮಾವನನ್ನು ನೋಡಿದಳು. ಒಳಗೆ ಹೋಗಿ ಮುದ್ದೆ, ಹುರುಳಿಕಾಳಿನ ಸಾರು ಹಾಕಿ ತಂದಿಟ್ಟಳು. ಗಂಗಹನುಮಯ್ಯ ಎಂದಿನಂತೆ ಬಲಗಡೆಯದನ್ನು ಉಂಡು ಮುಗಿಸಿದ.

"ಬೀಗ್ರೆ, ಎಲ್ಲಾರಾ ನಿಂತಿರಿ, ಇದೊಂದ್ ನೋಡ್ಬುಡಿ. ತಟ್ಟೆ ಖಾಲಿ!"

ಮಂಜುಳಮ್ಮ ಬಗ್ಗಿ, ತಟ್ಟೆಯನ್ನು ಎತ್ತದೆ, ಇದ್ದಲ್ಲೇ ಅರ್ಧ ಸುತ್ತು ತಿರುಗಿಸಿದಳು. ಉಳಿದರ್ಧ ಮುದ್ದೆ ಬಲಗಡೆಗೆ ಬಂತು.

"ಆಹಾ! ಅಪ್ಪ ಬಂದವ್ರೆ ಅಂತ ಈಗ ಇಕ್ಕಿದ್ಲು ನೋಡಿ!" ಗಂಗಹನುಮಯ್ಯ ಗೆದ್ದವನ ಹಾಗೆ ಅದನ್ನೂ ಉಂಡ. ಕದರಯ್ಯ ಟವಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕ. ಮಂಜುಳಮ್ಮನೂ ನಗಲು ಹೋದಳು. ಇಷ್ಟು ದಿನ ಬಾನಿಗೆ ಹಾಕಿದ ಮುದ್ದೆಗಳು ನೆನಪಾಗಿ ನಗು ಬರಲಿಲ್ಲ.

ಮರುದಿನ ಮೂವರೂ ತುಮಕೂರಿಗೆ ಹೋದರು. "ಕಣ್ಣು ಚೆನ್ನಾಗೇ ಇದೆಯಮ್ಮ," ಎಂದರು ಡಾಕ್ಟರು. "ಮಿದುಳಿನ ಬಲಗಡೆಗೆ ರಕ್ತ ಹೋಗದೆ ಪೆಟ್ಟಾಗಿದೆ. ಎಡಗಡೆ ಅಂತ ಒಂದಿದೆ ಅನ್ನೋದನ್ನೇ ಅದು ಮರೆತಿದೆ. ಅವರು ಸುಳ್ಳು ಹೇಳಿಲ್ಲ, ನೀನೂ ಹೇಳಿಲ್ಲ. ಇನ್ಮೇಲೆ ಊಟದ ಹೊತ್ತಿಗೆ ಎಡಗಡೆಗೇ ಕೂತ್ಕೊಂಡು ಕರಿ. ತಿರುಗಿ ನೋಡೋವರೆಗೂ ಬಿಡಬೇಡ."

ವಾಪಸು ಬಂದು ಗುಬ್ಬಿಯಲ್ಲಿ ಸೊಸೆಯ ಭುಜ ಹಿಡಿದು ಬಸ್ಸಿಳಿಯುತ್ತಾ ಗಂಗಹನುಮಯ್ಯ, "ಆ ಕಾರ್ಡ್ ಹರ್ದಾಕಕ್ಕೆ ಹೇಳವ್ವ ನಿಮ್ಮಪ್ಪಂಗೆ," ಎಂದಷ್ಟೇ ಹೇಳಿದ.

ಅಂದಿನಿಂದ ಮಂಜುಳಮ್ಮ ಊಟಕ್ಕೆ ಅವನ ಎಡಗಡೆ ಕೂರತೊಡಗಿದಳು. "ಈ ಕಡೆ ಮಾವ. ಇನ್ನೂ ಈ ಕಡೆ." ಬಲಕ್ಕೇ ತಿರುಗಿರುತ್ತಿದ್ದ ಅವನ ಕುತ್ತಿಗೆ ಒಂದು ದಿನ ನೇರಕ್ಕೆ ಬಂದು ನಿಲ್ಲುತ್ತಿತ್ತು, ಇನ್ನೊಂದು ದಿನ ಅದಕ್ಕೂ ಮುಂಚೆಯೇ ಸುಸ್ತಾಗುತ್ತಿತ್ತು. ಒಂಬತ್ತನೆಯ ದಿನ ಹಲ್ಲು ಕಚ್ಚಿ ತಿರುಗಿದ. ಕಣ್ಣು ಸೊಸೆಯ ಮುಖದವರೆಗೆ ಹೋಗಲಿಲ್ಲ. ನಡುವೆ ತನ್ನ ತೊಡೆಯ ಮೇಲೆಯೇ ನಿಂತಿತು. ಅಲ್ಲಿ ಎಡಗೈ ಅಂಗಾತ ಬಿದ್ದಿತ್ತು.

"ಯಾರ್ದವ್ವ ಈ ಕೈ?"

"ನಿಮ್ದೇ ಮಾವ."

ಗಂಗಹನುಮಯ್ಯನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಆಮೇಲೆ ಬಲಗೈಯಲ್ಲಿ ಒಂದು ತುತ್ತು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಆ ಅಂಗೈ ಮೇಲೆ ಮೆಲ್ಲಗೆ ಇಟ್ಟ.

"ಪಾಪ, ಎಷ್ಟ್ ದಿನದಿಂದ ಹಿಂಗೇ ಚಾಚ್ಕೊಂಡ್ ಕೂತಿತ್ತೋ."