ಹಿತ್ತಾಳೆ ಮುಗಿಯುವವರೆಗೆ

ಹೊಸ ತೋಟಾ ಮಾಡಬಾರದು, ಖಾಲಿಯಾದವಕ್ಕೇ ಮತ್ತೆ ಮದ್ದು ತುಂಬಬೇಕು, ಇರುವ ತೋಟಾಗಳ ಹಿತ್ತಾಳೆಯೆಲ್ಲ ಬಿರುಕು ಬಿಟ್ಟ ದಿನ ಯುದ್ಧ ನಿಲ್ಲಬೇಕು ಎಂದು ಎರಡೂ ಕಡೆಯವರು ಒಪ್ಪಿ ಏಳು ವರ್ಷವಾಗಿತ್ತು. ಅದಕ್ಕೇ ಬಿರುಕು ಬಿಟ್ಟ ಖಾಲಿ ತೋಟಾ ಕಂಡರೆ ಓಣಿಯ ಜನ ಸಕ್ಕರೆ ಹಂಚುತ್ತಿದ್ದರು.

ಕಲಾಯಿ ಹಾಕುವ ಹುಸೇನಬಿ ಮಾತ್ರ ಅವು ಬಿರುಕು ಬಿಡದಂತೆ ಮಾಡುವ ಯಂತ್ರ ಕಟ್ಟಿದ್ದಳು. ಹೊಲಿಗೆ ಮಷೀನಿನ ಪೆಡಲ್ ತುಳಿದರೆ ತೂತು ಕೊರೆದ ಇಡ್ಲಿ ತಟ್ಟೆ ತಿರುಗುತ್ತಿತ್ತು. ಖಾಲಿ ತೋಟಾದ ಕತ್ತು ಸ್ಟವ್ ಉರಿಯಲ್ಲಿ ಕಾದು, ಮೆದುವಾಗಿ, ಬಕೆಟ್ ನೀರಿಗೆ ಚುಂಯ್ ಎಂದು ಬೀಳುತ್ತಿತ್ತು. ಮತ್ತೆ ಮತ್ತೆ ಹಾರಿಸಿ ಗಡುಸಾದ ತೋಟಾ ಬಂದೂಕಿನೊಳಗೇ ಒಡೆದು ಪಕ್ಕದವನ ಕಣ್ಣು ಹೋಯಿತೆಂದು ತಮ್ಮ ದಾವಲ ಗಡಿಯಿಂದ ಬರೆದಿದ್ದ.

ಸೈನ್ಯದ ಡಿಪೋದ ಸಾಹೇಬ ಬಂದವನು ಒಂದನ್ನು ಎತ್ತಿ ನೋಡಿ ಹಿಗ್ಗಿಹೋದ.

"ಏನ್ ಕೈರೀ ನಿಮ್ದು! ನಾಕ ಸಲಕ್ಕ ಒಡೀತಿದ್ದುವು, ಈಗ ನಲವತ್ತು ಸಲ ಬರ್ತಾವ. ಇನ್ನ ಹತ್ತು ವರ್ಷ ಯುದ್ಧಕ್ಕ ಚಿಂತಿಲ್ಲ!"

ಅವನ ಜೀಪು ಹೋದ ಮೇಲೆ ನೆರೆಮನೆಯ ಗಂಗವ್ವ ಹೊಸ್ತಿಲಲ್ಲಿ ಬಂದು ನಿಂತಳು.

"ಈ ದೀಪಾವಳಿಗೆ ಯುದ್ಧ ಮುಗೀತಿತ್ತಲ್ಲ ಹುಸೇನಬಿ. ಆ ಸ್ಟವ್ ಆರಿಸಬೇ. ಯಾವ ಪುಣ್ಯಾತ್ಗಿತ್ತಿ ಹೇಳಿದ್ಲು ನಿನಗ ಈ ಉದ್ಯೋಗ?"

ಹುಸೇನಬಿ ಪೆಡಲ್ ನಿಲ್ಲಿಸಲಿಲ್ಲ.

"ಆರಿಸ್ತೀನಿ ಯಕ್ಕಾ. ದೀಪಾವಳಿ ಬರೂದ್ರಾಗ ಒಡಿಯೂವು ಎಷ್ಟೋ. ಅದ್ರಾಗ ಒಂದು ನಿನ್ನ ಮಗ ಬಸಲಿಂಗನ ಬಂದೂಕಿನಾಗ ಒಡದ್ರ?"

ಗಂಗವ್ವ ಒಳಗೆ ಬಂದಳು. ಸೆರಗು ಸಿಕ್ಕಿಸಿ ಕುಳಿತು, ಖಾಲಿ ತೋಟಾಗಳ ಮೂಟೆಗೆ ಕೈ ಹಾಕಿ, ಇಡ್ಲಿ ತಟ್ಟೆಯ ತೂತುಗಳಲ್ಲಿ ಒಂದೊಂದೇ ತೋಟಾ ನಿಲ್ಲಿಸತೊಡಗಿದಳು.