ಬೊಮ್ಮಯ್ಯನ ಕಪ್ಪು ಚೀಟಿ

ಕಾರವಾರದ ಕಡಲತಡಿಯಲ್ಲಿ ಬೊಮ್ಮಯ್ಯನ ಕೊರಳಿಗೆ ಕಪ್ಪು ಚೀಟಿ ಕಟ್ಟಿದರು. ಅಲ್ಲಿಗೆ ಅವನು ಸತ್ತ ಹಾಗಾಯಿತು. ಮುಂಬೈ ದಾಳಿ ನಡೆದು ಇನ್ನೂ ವರ್ಷವಾಗಿರಲಿಲ್ಲ. ಉಗ್ರರು ನಮ್ಮೂರಿಗೂ ಬಂದರೆ ಏನು ಮಾಡಬೇಕೆಂದು ಕಲಿಸುವ ಅಣಕು ಕಾರ್ಯಾಚರಣೆ ಅದು. ಕೆಂಪು ಚೀಟಿಯವರು ಗಂಭೀರ ಗಾಯಾಳುಗಳು, ಆಂಬುಲೆನ್ಸಿನಲ್ಲಿ ಮೊದಲ ಜಾಗ ಅವರಿಗೆ. ಕಪ್ಪು ಚೀಟಿಯ ಮೃತರಿಗೆ ಅವಸರವೇನಿದೆ? ಬಿಸಿಲಲ್ಲಿ ಮರಳಿನ ಮೇಲೆ ಮಲಗಿದ್ದರೆ ಸಾಕು.

ಅಂಕೋಲೆಯಿಂದ ಜೊತೆಗೆ ಬಂದಿದ್ದ ಹೆಂಡತಿ ಕಲಾವತಿಗೆ ಈ ಸಾವು ಹಿಡಿಸಲಿಲ್ಲ. ಅಪಶಕುನ ಅಂದಳು. ದೇಶಸೇವೆ ಅಂತ ಹೇಳಿ ಬೊಮ್ಮಯ್ಯ ಅವಳ ಬಾಯಿ ಮುಚ್ಚಿಸಿದ.

ಬಿಸಿಲೇರಿದಾಗ ದೇಶಸೇವಕ ಎದೆ ಹಿಡಿದುಕೊಂಡ. ಮೈಯೆಲ್ಲ ಬೆವರು, ಮಾತು ಹೊರಡದು. ಅಕ್ಕಪಕ್ಕದ ಶವಗಳು ಭೇಷ್ ಎಂದವು. ಇದು ನಟನೆಯಲ್ಲ ಎಂದು ಕಲಾವತಿಗೆ ಗೊತ್ತಾಯಿತು. ನೋಡುವವರಿಗೆ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಓಡಿ, ಮೈಕು ಹಿಡಿದು ಕಾರ್ಯಾಚರಣೆ ನಡೆಸುತ್ತಿದ್ದ ಸಾಹೇಬರ ಮುಂದೆ ನಿಂತಳು.

"ಸಾಹೇಬ್ರೇ, ನಮ್ಮವರಿಗೆ ಖರೇ ಎದೆನೋವು ಬಂದದೆ. ಗಾಡಿ ಕೊಡಿ."

ಸಾಹೇಬರು ಬಂದು ಚೀಟಿ ನೋಡಿದರು. "ಇವರು ಮೃತರಮ್ಮಾ. ಮೃತರನ್ನು ಕೊನೆಗೆ ಸಾಗಿಸ್ತೇವೆ." ಹೆಂಡತಿಯ ಗೋಳಾಟ ಕಾರ್ಯಕ್ರಮದಲ್ಲಿ ಇರಲಿಲ್ಲ, ಆದರೂ ಚೆನ್ನಾಗಿ ಬಂತು ಎಂದು ಮೆಚ್ಚಿಕೊಂಡರು ಬೇರೆ.

ಅವಳಿಗೆ ಮೈ ಉರಿದುಹೋಯಿತು. ಆಂಬುಲೆನ್ಸಿನ ನೆರಳಲ್ಲಿ ಹಣಕೋಣದ ಮಾಬ್ಲೇಶ್ವರ ಕೆಂಪು ಚೀಟಿ ನೇತುಹಾಕಿಕೊಂಡು ಕವಳ ಜಗಿಯುತ್ತಿದ್ದ. ಕಟವಾಯಿಯಲ್ಲಿ ಇಳಿದ ಎಲೆಅಡಿಕೆಯ ರಸದಿಂದಾಗಿ ಎಲ್ಲರಿಗಿಂತ ಅವನ ಗಾಯವೇ ನಂಬುವಂತಿತ್ತು. ಕಲಾವತಿ ಅವನ ಚೀಟಿ ಕಿತ್ತು ತಂದು ಗಂಡನ ಕೊರಳಿಗೆ ಹಾಕಿದಳು. ಗಂಡನದನ್ನು ಬಿಚ್ಚಿ, ಹಿಂದೆಯೇ ಬಂದ ಮಾಬ್ಲೇಶ್ವರನ ಕೈಗಿತ್ತಳು.

"ನೀ ಈಗ ಸತ್ತೆ, ಮಾರಾಯಾ. ಸುಮ್ನೆ ಮಲ್ಗು."

ಬೊಮ್ಮಯ್ಯನ ಎದೆಯ ಮೇಲೆ ಕೆಂಪು ಕಂಡದ್ದೇ ತಡ, ಸ್ಟ್ರೆಚರ್ ಓಡಿಬಂತು, ಸೈರನ್ ಕೂಗಿತು. ಇನ್ನೂ ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು. ಕಲಾವತಿ ಗೋಡೆಗೆ ಒರಗಿ ಅತ್ತುಬಿಟ್ಟಳು.

ಸಂಜೆ ಸಾಹೇಬರು ಹಾರ ಹಿಡಿದು ಬಂದರು, ಹಿಂದೆಯೇ ಪತ್ರಿಕೆಯವರು. ನಿಜವಾದ ರೋಗಿಯನ್ನೇ ಉಳಿಸಿದ ಕಾರ್ಯಾಚರಣೆ ಇದು, ಇನ್ನು ಯಾವ ಉಗ್ರರು ಬಂದರೂ ಕಾರವಾರ ಎದ್ದು ನಿಲ್ಲುತ್ತದೆ ಎಂದು ಬೀಗಿದರು. ಮೃತರ ಲೆಕ್ಕವೂ ಸರಿಹೋಗಿತ್ತಂತೆ. ನೀವೂ ಎರಡು ಮಾತಾಡಿ ಎಂದು ಕಲಾವತಿಯನ್ನು ಮುಂದೆ ಕರೆದರು.

"ಉಗ್ರರು ಖರೇ ಬರೂ ದಿನ," ಎಂದಳು ಅವಳು, "ಊರಿಗೆಲ್ಲ ಕೆಂಪು ಚೀಟಿ ಮೊದ್ಲೇ ಹಂಚ್ತ್ರಿ ಅಲ್ಲಾ, ಸಾಹೇಬ್ರೇ?"