ತಿರುವಿಲ್ಲದ ಏರಿ

ತಿರುವಿನಲ್ಲಿ ನಿಂತಿದ್ದ ಅಂಪೈರು ತಪ್ಪಾಯಿತೆಂದು ಹಳದಿ ಬಾವುಟ ಎತ್ತಿದ್ದನ್ನು ಶೋಭಿತಾ ನೋಡಲೇ ಇಲ್ಲ. ಎಲ್ಲರಿಗಿಂತ ಮೊದಲು ಗೆರೆ ದಾಟಿದವಳು ನಿಲ್ಲದೆ, ಬೇಲಿಯ ಆಚೆ ನಿಂತಿದ್ದ ಕಾಲೇಜಿನ ಆಟದ ಮೇಷ್ಟ್ರು ಮಹದೇವು ಅವರ ಕಡೆಗೆ ಓಡಿ ಬಂದಳು.

"ಸಾ, ಗ್ರೌಂಡು ನಮ್ದೇ ಸಾ ಇನ್ಮೇಲೆ!"

ಮೇಷ್ಟ್ರು ಬಾವುಟ ನೋಡಿದ್ದರು. ಬೆಳಿಗ್ಗೆಯ ಹೀಟ್ಸ್‌ನಲ್ಲಿ ಅವಳಿಗೆ ಕಟ್ಟಕಡೆಯ ಲೇನ್ ಸಿಕ್ಕಿತ್ತು, ಆಚೆ ಪಕ್ಕದಲ್ಲಿ ಯಾರೂ ಇರಲಿಲ್ಲ, ಹೇಗೋ ಬಚಾವಾದಳು. ಈಗ ಇನ್ನೂರು ಮೀಟರಿನ ಫೈನಲ್‌ನಲ್ಲಿ ನಾಲ್ಕನೇ ಲೇನ್. ಶುರುವಿನ ತಿರುವಿನಲ್ಲೇ ಬಾಗದೆ ನೆಟ್ಟಗೆ ಐದನೇ ಲೇನಿಗೆ ನುಗ್ಗಿ, ಅಲ್ಲಿ ಓಡುತ್ತಿದ್ದವಳ ಭುಜಕ್ಕೆ ತಾಗಿ, ಅವಳು ಮುಗ್ಗರಿಸುತ್ತಿದ್ದಂತೆ ಮುಂದೆ ಬಂದಿದ್ದಳು. ಐದು ನಿಮಿಷಕ್ಕೆ ಮೈಕಿನಲ್ಲಿ ಹೇಳಿದರು: ನಾಲ್ಕನೇ ಲೇನಿನ ಓಟಗಾರ್ತಿ ಅನರ್ಹ. ಶೋಭಿತಾ ಮೇಷ್ಟ್ರ ಮುಖವನ್ನೇ ನೋಡುತ್ತಾ ನಿಂತಳು.

ಗ್ರೌಂಡು ನಮ್ದೇ ಅಂದದ್ದು ಸುಮ್ಮನೆ ಅಲ್ಲ. ಮಳವಳ್ಳಿ ರಸ್ತೆಯಲ್ಲಿರುವ ಅವರ ಕಾಲೇಜಿನ ಮೈದಾನ ಎರಡು ವರ್ಷದಿಂದ ಮದುವೆಗೆ, ಬೀಗರೂಟಕ್ಕೆ ಬಾಡಿಗೆ ಹೋಗುತ್ತಿತ್ತು. ಕಾಲೇಜು ನಡೆಯುವುದು ಮಕ್ಕಳ ಫೀಸಿನಿಂದಲ್ಲ, ಬೀಗರೂಟದಿಂದ ಎಂದು ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಯಾವ ಸಂಕೋಚವೂ ಇಲ್ಲದೆ ಹೇಳುತ್ತಿದ್ದರು. ಮೇಷ್ಟ್ರು ಬೆನ್ನು ಬಿಡದೆ ಕಾಡಿದ್ದಕ್ಕೆ ಕೊನೆಗೊಂದು ಮಾತು ಕೊಟ್ಟಿದ್ದರು. ಮೈಸೂರಿನ ಕ್ರೀಡಾಕೂಟದಿಂದ ಒಂದೇ ಒಂದು ಪದಕ ತನ್ನಿ, ಮೈದಾನ ಹುಡುಗರಿಗೇ ಬಿಡೋಣ. ತರದಿದ್ದರೆ ಆಟದ ಮಾತು ಮತ್ತೆ ಎತ್ತಬೇಡಿ.

ಪದಕ ತರಲು ಓಡಬೇಕು, ಓಡಲು ಮೈದಾನ ಬೇಕು ಎಂಬುದನ್ನು ಕಾರ್ಯದರ್ಶಿಗಳಿಗೆ ತಿಳಿಸುವವರು ಯಾರು? ಮೇಷ್ಟ್ರು ನಾಲೆ ಏರಿಗೆ ಹೋದರು. ತೂಬಿನಿಂದ ಹೊಂಗೆಮರದವರೆಗೆ ಟೇಪು ಹಿಡಿದು ಇನ್ನೂರು ಮೀಟರು ಅಳೆದು, ಎರಡು ಕಲ್ಲಿಗೆ ಸುಣ್ಣ ಬಳಿದರು. ಕಬ್ಬಿನ ಟ್ರ್ಯಾಕ್ಟರು ಬಂದರೆ ಪಕ್ಕಕ್ಕೆ ಸರಿಯುವುದು, ಹೋದಮೇಲೆ ಓಡುವುದು. ಒಂದು ವರ್ಷ ಹೀಗೇ ಓಡಿ ಶೋಭಿತಾಳ ಕಾಲು ಪಳಗಿತು. ತಿರುವಿನ ಪಾಠವನ್ನು ಅವರು ಕಡ್ಡಿಯಿಂದ ಮಣ್ಣಿನಲ್ಲಿ ಗೀಚಿ ಹೇಳಿಕೊಟ್ಟರು. ಅವಳ ತಲೆಗೆ ಅದು ಹೋಯಿತು, ಕಾಲಿಗೆ ಹೋಗಲಿಲ್ಲ. ಏರಿ ನೂಲು ಹಿಡಿದಂತೆ ನೆಟ್ಟಗಿತ್ತು.

ಐದನೇ ಲೇನಿನ ಹುಡುಗಿ ಮಂಡಿಗೆ ಐಸ್ ಒತ್ತಿಕೊಂಡು ಕುಂಟುತ್ತಾ ಬಂದಳು. ದೀಪಿಕ. ಹೋದ ವರ್ಷದವರೆಗೆ ಇದೇ ಮೇಷ್ಟ್ರ ಕೈಯಲ್ಲಿ, ಅದೇ ಏರಿಯ ಮೇಲೆ ಪಳಗಿದವಳು. ಹಾಸ್ಟೆಲು, ಮೊಟ್ಟೆ, ಶೂ ಎಲ್ಲ ಕೊಡುತ್ತೇವೆಂದು ಮೈಸೂರಿನ ಕಾಲೇಜೊಂದು ಕರೆದುಕೊಂಡಿತ್ತು. ಹೋಗಮ್ಮ, ಒಳ್ಳೇದಾಗಲಿ ಎಂದು ಕಳಿಸಿದವರೂ ಅವರೇ. ತಡೆಯಲು ಅವರ ಬಳಿ ಏನಿತ್ತು?

"ಸಾ, ಅವ್ಳನ್ನ ಬಯ್ಬೇಡಿ," ಎಂದಳು ದೀಪಿಕ. "ಮೊದ್ಲು ನಾನೂ ಅಂಗೇ ಓಡ್ತಿದ್ದೆ. ತಿರುವಲ್ಲಿ ಎಡಕ್ಕೆ ಮೈ ವಾಲಿಸ್ಬೇಕು ಅಂತ ಕಾಲಿಗೆ ಗೊತ್ತಾಗಿದ್ದು ಇಲ್ಲಿಗೆ ಬಂದ್ಮೇಲೇ."

ಅವಳು ಸಮಾಧಾನ ಹೇಳಲೆಂದೇ ಬಂದದ್ದು. ಮೇಷ್ಟ್ರಿಗೆ ಮಾತ್ರ ತಾವು ಮಣ್ಣಿನಲ್ಲಿ ಗೀಚಿದ್ದ ತಿರುವು ನೆನಪಾಯಿತು.

ಊರಿಗೆ ಹೊರಟ ಬಸ್ಸು ಬನ್ನೂರು ದಾಟಿತು. ಆಮೇಲೆ ಶೋಭಿತಾ ಕಿಟಕಿಯ ಕಡೆಗೇ ನೋಡುತ್ತಾ ಕೇಳಿದಳು.

"ತಪ್ಪಾಯ್ತು ಸಾ. ನಮ್ ನಾಲೆ ಎಲ್ಲೂ ತಿರುಗಕಿಲ್ವಾ?"

ತಪ್ಪು ನನ್ನದು ಕಣಮ್ಮ ಎನ್ನಬೇಕೆಂದುಕೊಂಡರು ಮೇಷ್ಟ್ರು. ಇಪ್ಪತ್ತು ವರ್ಷದ ಕೆಲಸದಲ್ಲಿ ವಿದ್ಯಾರ್ಥಿಗಳ ಎದುರು ಅತ್ತವರಲ್ಲ. ಕರ್ಚೀಫಿನಿಂದ ಕನ್ನಡಕ ಒರೆಸಿಕೊಂಡರು.

"ಆಟದ ರೂಮಲ್ಲಿ ಎರಡು ಮೂಟೆ ಸುಣ್ಣ ತಂದಿಟ್ಟಿದೀನಿ," ಎಂದರು. "ಗೆದ್ದು ಬಂದ್ಮೇಲೆ ಟ್ರ್ಯಾಕ್ ಎಳೆಯೋಣ ಅಂತ. ಗೆಲ್ಲದಿದ್ರೆ ಏನಾಯ್ತು? ಯಾರು ಏನಾದ್ರೂ ಅಂದ್ಕೊಳ್ಲಿ. ನಾಳೆ ಬೆಳಿಗ್ಗೆ ಆರಕ್ಕೆ ಬಾ. ಮೂಲೇಲಿ ಒಂದೇ ಒಂದು ತಿರುವು ಎಳ್ಕೊಳ್ಳೋಣ."

"ಬತ್ತೀನಿ ಸಾ." ಬಸ್ಸು ಹತ್ತಿದ ಮೇಲೆ ಅವಳು ಮೊದಲ ಸಲ ಅವರ ಕಡೆ ತಿರುಗಿದಳು.

ಬೆಳಿಗ್ಗೆ ಆರಕ್ಕೆ ಇಬ್ಬರೂ ಬಂದಾಗ ಮೈದಾನದಲ್ಲಾಗಲೇ ಸುಣ್ಣದ ಗೆರೆಗಳಿದ್ದವು. ಈ ತುದಿಯಿಂದ ಆ ತುದಿಗೆ, ಸಾಲಾಗಿ, ಬೆಳ್ಳಗೆ. ಶಾಮಿಯಾನದವರು ಲಾರಿಯಿಂದ ಕಂಬ ಇಳಿಸುತ್ತಿದ್ದರು. ಅಟೆಂಡರ್ ಕರಿಯಯ್ಯ ಖಾಲಿ ಮೂಟೆ ಕೊಡವುತ್ತಿದ್ದ. ಹಿಂದೆ ಪ್ರತಿ ವರ್ಷವೂ ಟ್ರ್ಯಾಕ್ ಎಳೆಯುತ್ತಿದ್ದವನು ಅವನೇ.

"ನಾಳೆ ಬೀಗರೂಟ ಅಲ್ವಾ ಸಾ, ಕಾರು ನಿಲ್ಸಕೆ ಗೆರೆ ಆಕು ಅಂತ ಸೆಕ್ರೆಟ್ರಿ ಯೋಳುದ್ರು. ರೂಮಲ್ಲಿದ್ದ ಸುಣ್ಣ ಸರಿಯಾಗಿ ಆಯ್ತು ನೋಡಿ," ಎಂದ. ಬಹಳ ದಿನದ ಮೇಲೆ ಕೈಗೆ ಹಳೆಯ ಕೆಲಸ ಸಿಕ್ಕಿ ಖುಷಿಯಾಗಿದ್ದ. "ಕೈ ಇನ್ನೂ ಮರ್ತಿಲ್ಲ ಸಾ. ಒಂದಾದ್ರೂ ಸೊಟ್ಟ ಓಗೈತಾ ನೋಡಿ!"

ಶೋಭಿತಾ ಚಪ್ಪಲಿ ಬಿಟ್ಟು, ಎರಡು ಗೆರೆಗಳ ನಡುವೆ ನಿಂತು, ಬೆರಳು ನೆಲಕ್ಕೂರಿ, ತಲೆ ಎತ್ತಿ ಆ ತುದಿಯವರೆಗೂ ನೋಡಿದಳು.

"ಇಲ್ಲೂ ನೆಟ್ಟಗೇ ಎಳ್ದವ್ರೆ ಸಾ," ಎಂದಳು.